ಬಯಲುಸೀಮೆಯ ಊರಿನ ಸಮುದಾಯ ಭವನ: ಎಸಿ ಇಲ್ಲದೆ ಬೇಸಿಗೆಯಲ್ಲಿ ಕೂರುವಂತೆ ಕಟ್ಟುವುದು ಹೇಗೆ?

ಪ್ರಶ್ನೆ: ಕುಷ್ಟಗಿ ಸೀಮೆಯವ

ಎಲ್ಲರಿಗೂ ನಮಸ್ಕಾರ. ನಮ್ಮೂರು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲಿದೆ. ಹಳೆಯ ಚಾವಡಿ ಇದ್ದ ಜಾಗದಲ್ಲಿ ಊರವರೆಲ್ಲ ಸೇರಿ ಒಂದು ಸಮುದಾಯ ಭವನ ಕಟ್ಟಬೇಕೆಂದು ತೀರ್ಮಾನಿಸಿದ್ದೇವೆ. ನಿವೇಶನದ ಅಳತೆ 40×60 ಅಡಿ. ಉದ್ದದ ಬದಿ ಪೂರ್ವ-ಪಶ್ಚಿಮವಾಗಿದ್ದು, ರಸ್ತೆ ಪಶ್ಚಿಮಕ್ಕಿದೆ. ನಮಗೆ ಸಿಕ್ಕಿರುವ ನಕ್ಷೆಯಲ್ಲಿ ಒಂದೇ ದೊಡ್ಡ ಹಾಲ್, ಅದರ ಮೇಲೆ ಸಮತಟ್ಟಾದ ಆರ್‌ಸಿಸಿ ಸ್ಲ್ಯಾಬ್, ರಸ್ತೆಯ ಕಡೆಗೆ ಅಂದಕ್ಕೆಂದು ದೊಡ್ಡ ಗಾಜಿನ ಮುಂಭಾಗ, ಮತ್ತು ಬೇಸಿಗೆಗೆಂದು ಎರಡು ಎಸಿ ಇವೆ. ಎಸಿ ಕೊಡಿಸಲು ದಾನಿಗಳೊಬ್ಬರು ಸಿದ್ಧರಿದ್ದಾರೆ. ಆದರೆ ಅದರ ವಿದ್ಯುತ್ ಬಿಲ್ಲನ್ನು ವರ್ಷವರ್ಷವೂ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಸಭೆಯಲ್ಲಿ ಯಾರೂ ಉತ್ತರಿಸಲಿಲ್ಲ.

ಪಕ್ಕದ ಊರಿನಲ್ಲಿ ತಗಡಿನ ಛಾವಣಿಯ ಭವನವೊಂದಿದೆ. ಮಾರ್ಚ್‌ನಿಂದ ಜೂನ್‌ವರೆಗೆ ಹಗಲಿನಲ್ಲಿ ಅದರೊಳಗೆ ಕೂರಲಾಗದು. ಈಗ ಅದು ಗೊಬ್ಬರದ ಚೀಲ ಇಡುವ ಗೋದಾಮಾಗಿದೆ. ನಮ್ಮ ಭವನಕ್ಕೂ ಅದೇ ಗತಿ ಬರಬಾರದೆಂಬುದು ನಮ್ಮ ಕಾಳಜಿ. ನಮ್ಮ ಅಜ್ಜಂದಿರ ಮಣ್ಣಿನ ಮಾಳಿಗೆಯ, ಅಂದರೆ ದಪ್ಪನಾಗಿ ಮಣ್ಣು ಹೊದಿಸಿದ ಸಮತಟ್ಟು ಛಾವಣಿಯ, ಮನೆಗಳು ತಂಪಾಗಿದ್ದವು ಎಂದು ಹಿರಿಯರು ಹೇಳುತ್ತಾರೆ. ಹಾಗೆಂದು ಈಗ ಮತ್ತೆ ಮಾಳಿಗೆ ಹಾಕಲು ಸಾಧ್ಯವೇ? ಮಣ್ಣಿನ ಬ್ಲಾಕುಗಳ ಬಗ್ಗೆಯೂ ಕೇಳಿದ್ದೇವೆ. ಇಲ್ಲಿ ನಿವೇಶನದ ಮಣ್ಣು ಎರೆ, ಅಂದರೆ ಕಪ್ಪುಮಣ್ಣು. ಊರಾಚೆಯ ದಿನ್ನೆಯಲ್ಲಿ ಮಸಾರಿ (ಕೆಂಪು) ಮಣ್ಣು ಸಿಗುತ್ತದೆ. ಇಳಕಲ್ ಕಡೆಯಿಂದ ಕಲ್ಲನ್ನೂ ತರಿಸಿಕೊಳ್ಳಬಹುದು. ಈ ವಿಷಯದಲ್ಲಿ ಕೆಲಸ ಮಾಡಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ಧಾರವಾಡದ ವಾಸ್ತುಶಿಲ್ಪಿ

ಮೊದಲು ನಿಮ್ಮನ್ನು ಒಂದು ಮಾತು ಕೇಳಬೇಕು: ಈ ಭವನದಲ್ಲಿ ಯಾರು, ದಿನದ ಯಾವ ಹೊತ್ತಿನಲ್ಲಿ ಕೂರುತ್ತಾರೆ? ಗೋಡೆ ದಪ್ಪವಿರಬೇಕೇ ತೆಳುವಾಗಿರಬೇಕೇ, ಕಿಟಕಿ ಎಷ್ಟಿರಬೇಕು ಎಂಬುದೆಲ್ಲ ಆ ಉತ್ತರವನ್ನು ಅವಲಂಬಿಸಿದೆ. ದುರದೃಷ್ಟವಶಾತ್ ಸಾರ್ವಜನಿಕ ಕಟ್ಟಡದ ನಕ್ಷೆ ಬರೆಯುವಾಗ ಇದನ್ನು ಕೇಳುವ ರೂಢಿಯೇ ತಪ್ಪಿಹೋಗಿದೆ.

ಕಾರಣ ಹೀಗಿದೆ. ದಪ್ಪನೆಯ ಗೋಡೆ ಬಿಸಿಲಿನ ಕಾವನ್ನು ತಡೆಯುವುದಿಲ್ಲ, ತಡಮಾಡಿ ಒಳಗೆ ಬಿಡುತ್ತದೆ. 9 ಇಂಚಿನ ಇಟ್ಟಿಗೆ ಅಥವಾ ಮಣ್ಣಿನ ಗೋಡೆಯಲ್ಲಿ ಹೊರಗಿನ ಕಾವು ಒಳಮುಖಕ್ಕೆ ತಲುಪಲು ಸುಮಾರು 6ರಿಂದ 8 ಗಂಟೆ ಹಿಡಿಯುತ್ತದೆ. ಮಧ್ಯಾಹ್ನ ಕುಡಿದ ಬಿಸಿಲನ್ನು ಅದು ರಾತ್ರಿ ಎಂಟರ ಹೊತ್ತಿಗೆ ಒಳಗೆ ಕಾರುತ್ತದೆ. ಆದ್ದರಿಂದ ಹಗಲಿನಲ್ಲಿ ಬಳಸುವ ವಾಚನಾಲಯಕ್ಕೆ ದಪ್ಪ ಗೋಡೆ ವರವಾದರೆ, ರಾತ್ರಿಯ ಭಜನೆಗೆ ಅದೇ ಗೋಡೆ ಶಾಪವಾಗುತ್ತದೆ. ನಿಮ್ಮ ಅಜ್ಜಂದಿರ ಮನೆಗಳಲ್ಲೂ ಬೇಸಿಗೆಯ ರಾತ್ರಿ ಜನ ಮಲಗುತ್ತಿದ್ದುದು ಮಾಳಿಗೆಯ ಮೇಲೆ ಅಥವಾ ಅಂಗಳದಲ್ಲಿ, ಒಳಕೋಣೆಯಲ್ಲಿ ಅಲ್ಲ ಎಂಬುದನ್ನು ನೆನಪಿಸಿಕೊಳ್ಳಿ.

ಇನ್ನು ರಾತ್ರಿಯ ತಂಪು ಗಾಳಿ ಒಳಗೆ ಹರಿದರೆ ಮಾತ್ರ ದಪ್ಪ ಗೋಡೆ ಮರುದಿನಕ್ಕೆ ತಣ್ಣಗಾಗುತ್ತದೆ. ಮನೆಯಲ್ಲಾದರೆ ಯಾರಾದರೂ ಕಿಟಕಿ ತೆರೆದಿಡುತ್ತಾರೆ. ಸಮುದಾಯ ಭವನಕ್ಕೆ ಸಂಜೆಯೇ ಬೀಗ ಬೀಳುತ್ತದೆ. ಕಳ್ಳರ ಭಯಕ್ಕೆ ಕಿಟಕಿಗಳನ್ನೂ ಮುಚ್ಚುತ್ತಾರೆ. ಆಗ ಎಷ್ಟೇ ಒಳ್ಳೆಯ ಗೋಡೆ ಕಟ್ಟಿದರೂ ಒಳಗಿನ ಕಾವು ದಿನದಿಂದ ದಿನಕ್ಕೆ ಕೂಡಿಕೊಳ್ಳುತ್ತಲೇ ಹೋಗುತ್ತದೆ. ನಾನು ಯಾವ ಊರಿಗೆ ಹೋದರೂ ಗೋಡೆಯ ಮೇಲುಭಾಗದಲ್ಲಿ, ಕೈಗೆಟುಕದ ಎತ್ತರದಲ್ಲಿ, ಕಬ್ಬಿಣದ ಸರಳು ಮತ್ತು ಸಣ್ಣ ಕಣ್ಣಿನ ಜಾಳಿಗೆ ಹಾಕಿದ ಗವಾಕ್ಷಿಗಳನ್ನು ಎರಡೂ ಬದಿ ಇಡಿ ಎಂದು ಒತ್ತಾಯಿಸುವುದು ಇದಕ್ಕಾಗಿಯೇ. ಬೀಗ ಹಾಕಿದರೂ ಅವು ರಾತ್ರಿಯಿಡೀ ತೆರೆದಿರಬೇಕು. ಹಗಲಿನ ಬಿಸಿಗಾಳಿ ಮತ್ತು ದೂಳು ತಡೆಯಲು ಅವುಗಳಿಗೆ ಕೆಳಗಿನಿಂದ ಹಗ್ಗ ಎಳೆದು ಮುಚ್ಚುವ ಪಡಕು ಇದ್ದರೆ ಸಾಕು.

ಛಾವಣಿಯ ವಿಷಯ ಇನ್ನೂ ಮುಖ್ಯವಾದದ್ದು. ನಿಮ್ಮ ಊರು ಸುಮಾರು 15.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಮೊದಲ ವಾರದಲ್ಲಿ, ಅಂದರೆ ಬಿಸಿಲು ಕಡುವಾಗಿರುವ ದಿನಗಳಲ್ಲೇ, ಸೂರ್ಯ ನಡುಹಗಲಿನಲ್ಲಿ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಒಂದಂತಸ್ತಿನ ಕಟ್ಟಡಕ್ಕೆ ಬರುವ ಕಾವಿನ ದೊಡ್ಡ ಪಾಲು ಮೇಲಿನಿಂದಲೇ ಬರುತ್ತದೆ. ನಾಲ್ಕೈದು ಇಂಚಿನ ಬರಿಯ ಸ್ಲ್ಯಾಬ್ ಮಧ್ಯಾಹ್ನವೇ ಕಾದು, ಸಂಜೆಯವರೆಗೂ ತಲೆಯ ಮೇಲೆ ಕಾವು ಸುರಿಸುತ್ತದೆ. ಕೆಳಗೆ ತಿರುಗುವ ಫ್ಯಾನು ಆ ಬಿಸಿಗಾಳಿಯನ್ನೇ ಕೆಳಕ್ಕೆ ತಳ್ಳುತ್ತದೆ. ಹಣ ಕಡಿಮೆಯಿದ್ದರೆ ಬೇರೆಲ್ಲ ಬಿಟ್ಟು ಛಾವಣಿಗೆ ಖರ್ಚು ಮಾಡಿ ಎಂಬುದೇ ನನ್ನ ಸಲಹೆ. ಸ್ಲ್ಯಾಬಿನ ಮೇಲೆ ಒಂದೆರಡು ಅಡಿ ಅಂತರ ಬಿಟ್ಟು ಇನ್ನೊಂದು ಹಗುರವಾದ ಛಾವಣಿ ಹಾಕಿ, ನಡುವೆ ಗಾಳಿ ಆಡಲು ನಾಲ್ಕೂ ಬದಿ ತೆರೆದಿಟ್ಟರೆ, ಸ್ಲ್ಯಾಬಿಗೆ ಬಿಸಿಲು ತಾಕುವುದೇ ಇಲ್ಲ. ಅದಕ್ಕೂ ಹಣ ಸಾಲದಿದ್ದರೆ ತಾರಸಿಗೆ ಬಿಳಿ ಚೈನಾ ಮೊಸಾಯಿಕ್ (ಒಡೆದ ಟೈಲ್ಸ್ ಚೂರುಗಳ ಹಾಸು) ಹಾಕಿಸಿ, ಇಲ್ಲವೇ ಪ್ರತಿ ವರ್ಷ ಹೋಳಿ ಹುಣ್ಣಿಮೆಯ ಹೊತ್ತಿಗೆ ದಪ್ಪನಾಗಿ ಸುಣ್ಣ ಬಳಿಸಿ. ಸುಣ್ಣದ್ದು ಅಗ್ಗದ ದಾರಿ, ಆದರೆ ವರ್ಷವರ್ಷವೂ ನೆನಪಿಟ್ಟು ಮಾಡಬೇಕಾದ ದಾರಿ.

ಪಶ್ಚಿಮದ ಗಾಜಿನ ಮುಂಭಾಗವನ್ನು ದಯವಿಟ್ಟು ಕೈಬಿಡಿ. ಇಳಿಬಿಸಿಲು ಅಡ್ಡಲಾಗಿ ಬೀಳುವುದರಿಂದ ಪಶ್ಚಿಮದ ಗೋಡೆಗೆ ಯಾವ ಛಜ್ಜಾವೂ ನೆರಳು ಕೊಡಲಾರದು. ಅದೃಷ್ಟಕ್ಕೆ ನಿಮ್ಮ ನಿವೇಶನದ ಉದ್ದದ ಬದಿಗಳು ಉತ್ತರಕ್ಕೂ ದಕ್ಷಿಣಕ್ಕೂ ಇವೆ. ಕಿಟಕಿಗಳೆಲ್ಲ ಅಲ್ಲಿಯೇ ಇರಲಿ. ದಕ್ಷಿಣದಲ್ಲಿ ಎರಡಡಿಯ ಛಜ್ಜಾ ಇದ್ದರೆ ಬೇಸಿಗೆಯ ಹೊತ್ತಿಗೆ ಸಾಕು. ರಸ್ತೆಯ ಕಡೆ ಆಳವಾದ ಜಗಲಿ ಮಾಡಿ ಅದರ ಮುಂದೆ ಹೊಂಗೆಯನ್ನೋ ಬೇವನ್ನೋ ನೆಡಿ. ಎರೆಮಣ್ಣಿನಲ್ಲಿ ಬೇರು ನೀರು ಹೀರಿದಂತೆ ಬುನಾದಿಯ ಕೆಳಗಿನ ಮಣ್ಣು ಕುಗ್ಗುವುದರಿಂದ ಮರ ಗೋಡೆಗೆ ತೀರಾ ಹತ್ತಿರವಿರಬಾರದು.

ಇನ್ನೊಂದು ಎಚ್ಚರಿಕೆ. ತಿರುವನಂತಪುರದಲ್ಲಿ ನೆಲೆಸಿ ಕಡಿಮೆ ಖರ್ಚಿನ ಕಟ್ಟಡಗಳಿಗೆ ಹೆಸರಾದ ಲಾರಿ ಬೇಕರ್ ಅವರ ಇಟ್ಟಿಗೆ ಜಾಲಂದ್ರದ ಗೋಡೆಗಳನ್ನು ನೋಡಿ ಹಾಗೆಯೇ ಮಾಡಿಕೊಡಿ ಎಂದು ಕೇಳುವವರು ಬಹಳ ಜನ. ಕೇರಳದಲ್ಲಿ ಹಗಲು-ರಾತ್ರಿಗಳ ಉಷ್ಣತೆಯಲ್ಲಿ ಹೆಚ್ಚು ಅಂತರವಿಲ್ಲ, ಗಾಳಿಯಲ್ಲಿ ಸದಾ ತೇವವಿರುತ್ತದೆ. ಅಲ್ಲಿ ಮೈಗೆ ಗಾಳಿ ತಾಕುತ್ತಲೇ ಇರಬೇಕು. ನಿಮ್ಮಲ್ಲಿ ಏಪ್ರಿಲ್ ಮಧ್ಯಾಹ್ನದ ಗಾಳಿಯೇ ಬೆಂಕಿಯಂತಿರುತ್ತದೆ. ಹಗಲು ಮುಚ್ಚಿಡುವ, ರಾತ್ರಿ ತೆರೆದಿಡುವ ಕಟ್ಟಡ ನಿಮಗೆ ಬೇಕು. ಬೇಕರ್ ಅವರಿಂದ ಕಲಿಯಬೇಕಾದದ್ದು ನಿವೇಶನದ ಸುತ್ತಲೇ ಸಿಗುವುದನ್ನು ಬಳಸುವ ಮತ್ತು ಒಂದು ಇಟ್ಟಿಗೆಯನ್ನೂ ದಂಡ ಮಾಡದಿರುವ ಅವರ ರೀತಿಯನ್ನು.

ಪ್ರಶ್ನೆ ಕೇಳಿದವರು: ಕುಷ್ಟಗಿ ಸೀಮೆಯವ

ತುಂಬಾ ಧನ್ಯವಾದಗಳು ಸರ್. ನೀವು ಕೇಳಿದ ಪ್ರಶ್ನೆಯನ್ನು ಊರಲ್ಲಿ ಕೇಳಿ ಬಂದೆ. ಮಧ್ಯಾಹ್ನ ಮನೆಗೆಲಸ ಮುಗಿಸಿ ಎರಡರಿಂದ ನಾಲ್ಕರವರೆಗೆ ಸ್ತ್ರೀಶಕ್ತಿ ಸಂಘದವರು ಸೇರುತ್ತಾರೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಓದಲು ಬರುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಹಗಲಿಡೀ ಕೂರಲು ಜಾಗ ಬೇಕು. ಭಜನೆ, ಊರ ಸಭೆ, ಬಯಲಾಟದ ತಾಲೀಮು ಎಲ್ಲವೂ ರಾತ್ರಿ ಎಂಟರ ಮೇಲೆ. ಮದುವೆ ಮತ್ತು ಆರೋಗ್ಯ ತಪಾಸಣೆ ಶಿಬಿರಗಳು ಯಾವಾಗಲೋ ಒಮ್ಮೆ.

ಇನ್ನೊಂದು ತೊಡಕಿದೆ. ಮಣ್ಣಿನ ಬ್ಲಾಕು ಎಂದ ಕೂಡಲೇ ಕೆಲವರು, "ಪ್ಯಾಟ್ಯಾಗ ಕಾಂಕ್ರೀಟು, ನಮಗ ಮಾತ್ರ ಮಣ್ಣೇನ್ರಿ?" ಎಂದು ಕೇಳಿದರು. ಅವರ ಮಾತಿನಲ್ಲಿ ನೋವಿದೆ. ಮಳೆಗಾಲದಲ್ಲಿ ಸೋರುವ ಮಣ್ಣಿನ ಮನೆಯಲ್ಲಿ ಬೆಳೆದವರು ಅವರು.

ಉತ್ತರ 2: ಬ್ಲಾಕ್ ಕೆಲಸದ ಮೇಲ್ವಿಚಾರಕ, ಬಳ್ಳಾರಿ

ನಾನು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಬ್ಲಾಕುಗಳ ಕೆಲಸದಲ್ಲಿ ಬಹಳ ಕಾಲದಿಂದ ಇದ್ದೇನೆ. ಇದು ಹಳೆಯ ಕಾಲದ ಹಸಿ ಮಣ್ಣಿನ ಗೋಡೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ ಆಸ್ಟ್ರಾ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಇದರ ಮೇಲೆ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ. ಈ ಬ್ಲಾಕುಗಳಿಗೆ ಐಎಸ್ 1725 ಎಂಬ ಭಾರತೀಯ ಮಾನಕವೇ ಇದೆ. ಎಂಜಿನಿಯರ್ ಒಪ್ಪದಿದ್ದರೆ ಆ ಸಂಖ್ಯೆಯನ್ನು ಹೇಳಿ, ಬ್ಲಾಕುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ವರದಿಯನ್ನು ಅವರ ಮುಂದಿಡಿ.

ಇಂಧನದ ಲೆಕ್ಕದಲ್ಲಿ ಇದರ ದೊಡ್ಡ ಲಾಭ ಭಟ್ಟಿಯಿಲ್ಲದಿರುವುದು. ಸುಟ್ಟ ಇಟ್ಟಿಗೆಗೆ ಕಟ್ಟಿಗೆಯನ್ನೋ ಕಲ್ಲಿದ್ದಲನ್ನೋ ಉರಿಸಬೇಕು. ಶೇ 6ರಷ್ಟು ಸಿಮೆಂಟ್ ಬೆರೆಸಿದ ಮಣ್ಣಿನ ಬ್ಲಾಕಿನ ತಯಾರಿಕೆಗೆ ಸುಟ್ಟ ಇಟ್ಟಿಗೆಗೆ ತಗಲುವ ಶಕ್ತಿಯ ಸುಮಾರು ನಾಲ್ಕನೇ ಒಂದು ಭಾಗ ಸಾಕೆಂದು ಅದೇ ಸಂಸ್ಥೆಯ ಅಧ್ಯಯನ ತೋರಿಸಿದೆ. ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಶಕ್ತಿಯನ್ನಷ್ಟೇ ಲೆಕ್ಕ ಹಾಕುವವರು ಕಟ್ಟಡದೊಳಗೆ ಮೊದಲೇ ಸೇರಿಹೋಗಿರುವ ಈ ಶಕ್ತಿಯನ್ನು ಮರೆಯುತ್ತಾರೆ. ಎಸಿ ಇಲ್ಲದ ಹಳ್ಳಿಯ ಕಟ್ಟಡದಲ್ಲಿ ಇದರ ಪಾಲೇ ದೊಡ್ಡದು.

ನಿಮ್ಮ ಎರೆಮಣ್ಣು ಇದಕ್ಕೆ ಬೇಡ. ಅದು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ದಿನ್ನೆಯ ಮಸಾರಿ ಮಣ್ಣೇ ಸರಿ. ಆದರೆ ಮೇಲಿನ ಒಂದಡಿ ಮಣ್ಣಿನಲ್ಲಿ ಬೇರು, ಗೊಬ್ಬರದಂಶ ಇರುವುದರಿಂದ ಅದನ್ನು ತೆಗೆದು ಕೆಳಗಿನದನ್ನು ಬಳಸಬೇಕು. ಪರೀಕ್ಷೆಯನ್ನು ಊರಲ್ಲೇ ಆರಂಭಿಸಬಹುದು. ಒಂದು ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ಜರಡಿ ಹಿಡಿದ ಮಣ್ಣು, ಉಳಿದಷ್ಟಕ್ಕೆ ನೀರು ಹಾಕಿ, ಚಿಟಿಕೆ ಉಪ್ಪು ಬೆರೆಸಿ, ಚೆನ್ನಾಗಿ ಕುಲುಕಿ ಅಲುಗಾಡದಂತೆ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಹಿಡಿಯುತ್ತದೆ, ಅದರ ಮೇಲೆ ನುಣ್ಣನೆಯ ಹುಡಿ ಕೂರುತ್ತದೆ, ಜೇಡಿ ಮಾತ್ರ ಗಂಟೆಗಟ್ಟಲೆ ತೇಲಿ ಕೊನೆಗೆ ಮೇಲುಪದರವಾಗುತ್ತದೆ. ಮರಳಿನ ಪದರ ಅರ್ಧಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ಜೇಡಿ ಹೆಚ್ಚಾಗಿದ್ದರೆ ಕಲ್ಲಿನ ಕ್ರಷರ್‌ಗಳಲ್ಲಿ ಸಿಗುವ ಕಲ್ಲುಪುಡಿ ಬೆರೆಸಿ ಸರಿಪಡಿಸಬಹುದು.

ಹದವನ್ನು ನಮ್ಮ ಹುಡುಗರು ಕೈಯಲ್ಲೇ ಕಂಡುಕೊಳ್ಳುತ್ತಾರೆ. ಸಿಮೆಂಟು ಬೆರೆಸಿ ನೀರು ಚಿಮುಕಿಸಿದ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಎದೆಯ ಮಟ್ಟದಿಂದ ಗಟ್ಟಿ ನೆಲದ ಮೇಲೆ ಬಿಡಬೇಕು. ನಾಲ್ಕೈದು ತುಂಡಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಸಾಲದು. ಚಪ್ಪಟೆಯಾಗಿ ನೆಲಕ್ಕೆ ಅಂಟಿದರೆ ನೀರು ಹೆಚ್ಚಾಗಿದೆ. ಬೆರೆಸಿದ್ದನ್ನು ಒಂದು ಗಂಟೆಯೊಳಗೆ ಒತ್ತಿ ಮುಗಿಸಬೇಕು, ಇಲ್ಲವಾದರೆ ಸಿಮೆಂಟು ಯಂತ್ರಕ್ಕೆ ಹೋಗುವ ಮೊದಲೇ ಬಿಗಿಯುತ್ತದೆ. ಕೈಯಿಂದ ಒತ್ತುವ ಒಂದು ಯಂತ್ರದಲ್ಲಿ ಆರೇಳು ಜನರ ತಂಡ ದಿನಕ್ಕೆ ನಾಲ್ಕೈದು ನೂರು ಬ್ಲಾಕು ಮಾಡಬಲ್ಲದು. ನಂತರ ಮೂರು ವಾರ ನೆರಳಿನಲ್ಲಿ ಗೋಣಿತಟ್ಟು ಹೊದಿಸಿ ನೀರುಣಿಸಬೇಕು. ಕೆಲಸ ಕೆಡುವುದು ಹೆಚ್ಚಾಗಿ ಈ ಮೂರು ವಾರಗಳಲ್ಲೇ. ಎಂಟು ದಿನ ನೀರು ಹಾಕಿ ಒಂಬತ್ತನೆಯ ದಿನ ಗೋಡೆಗೇರಿಸುವ ಅವಸರದಿಂದಲೇ ಮಣ್ಣಿನ ಬ್ಲಾಕಿಗೆ ಕೆಟ್ಟ ಹೆಸರು ಬಂದಿದೆ.

ಗೋಡೆಯ ಬುಡಕ್ಕೆ ಎರಡಡಿ ಕಲ್ಲಿನ ಪ್ಲಿಂತ್ (ನೆಲಗಟ್ಟು), ಮೇಲೆ ಚಾಚಿದ ಛಾವಣಿಯಂಚು ಇದ್ದರೆ ಮಳೆಯ ಹೊಡೆತ ತಾಕುವುದಿಲ್ಲ. ಗಾರೆ ಬಳಿಯುವ ಅಗತ್ಯವೂ ಇಲ್ಲ. ಫಿಲ್ಲರ್ ಸ್ಲ್ಯಾಬ್ ಬಗ್ಗೆಯೂ ಹೇಳಿಬಿಡುತ್ತೇನೆ: ಸ್ಲ್ಯಾಬಿನ ಕೆಳಭಾಗದಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲದ ಜಾಗಗಳಲ್ಲಿ ಮಂಗಳೂರು ಹಂಚುಗಳನ್ನಿಟ್ಟು ಕಾಂಕ್ರೀಟು ಉಳಿಸುವ ವಿಧಾನವದು. ಸಿಮೆಂಟಿನ ಉಳಿತಾಯಕ್ಕೆ ಒಳ್ಳೆಯದು, ನೋಡಲೂ ಚೆಂದ. ಆದರೆ ಅದೊಂದರಿಂದಲೇ ಬಿಸಿಲು ನಿಲ್ಲುತ್ತದೆಂದು ನಂಬಬೇಡಿ. ಮೇಲೆ ನೆರಳು ಬೇಕೇ ಬೇಕು.

ಉತ್ತರ 3: ಸ್ಟ್ರಕ್ಚರಲ್ ಎಂಜಿನಿಯರ್, ಕಲಬುರಗಿ

ಮಾಳಿಗೆಯ ಬಗ್ಗೆ ಕೇಳಿದ್ದೀರಿ. ದಯವಿಟ್ಟು ಆ ದಾರಿ ಬೇಡ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲಾರಿಯಲ್ಲಿ ಭೂಕಂಪವಾದಾಗ ಸಾವಿರಾರು ಜನ ಸತ್ತದ್ದು, ಮಣ್ಣಿನ ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮತ್ತು ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳು ಮಲಗಿದ್ದವರ ಮೇಲೆ ಕುಸಿದಿದ್ದರಿಂದ. ಅದು ನಮ್ಮ ಭಾಗಕ್ಕೆ ದೂರದ ಊರಲ್ಲ. ಹಳೆಯ ಮನೆ ತಂಪಾಗಿದ್ದುದೂ ನಿಜ, ಕಂಪನಕ್ಕೆ ತಾಳದಿದ್ದುದೂ ನಿಜ.

ಕಲ್ಲಾಗಲಿ ಬ್ಲಾಕಾಗಲಿ, ಪ್ಲಿಂತ್ ಮಟ್ಟದಲ್ಲಿ, ಬಾಗಿಲು-ಕಿಟಕಿಗಳ ಮೇಲಿನ ಲಿಂಟಲ್ ಮಟ್ಟದಲ್ಲಿ ಮತ್ತು ಛಾವಣಿಯ ಕೆಳಗೆ ಸುತ್ತಲೂ ಎಲ್ಲಿಯೂ ತುಂಡಾಗದ ಆರ್‌ಸಿಸಿ ಪಟ್ಟಿ ಇರಲೇಬೇಕು. ಮೂಲೆಗಳಲ್ಲಿ ನೆಟ್ಟಗೆ ಕಂಬಿ ನಿಲ್ಲಿಸಬೇಕು. ಖರ್ಚು ಉಳಿಸುವ ಮಾತು ಬಂದಾಗ ಗೌಂಡಿಗಳು ಮೊದಲು ಕೈಬಿಡುವುದು ಲಿಂಟಲ್ ಪಟ್ಟಿಯನ್ನೇ, ಆದ್ದರಿಂದ ಊರವರೇ ನಿಂತು ನೋಡಿಕೊಳ್ಳಬೇಕು. ಎರೆಭೂಮಿಯಾದ್ದರಿಂದ ಬುನಾದಿಯನ್ನು ಬೇಸಿಗೆಯ ಬಿರುಕು ಇಳಿಯುವ ಆಳಕ್ಕಿಂತ ಕೆಳಗೆ ಒಯ್ಯಬೇಕು, ನೆಲದಡಿಯ ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡಿಸಬೇಕು, ಕಟ್ಟಡದ ಸುತ್ತ ನೀರು ನಿಲ್ಲದಂತೆ ಇಳಿಜಾರಿನ ಹಾಸು ಹಾಕಬೇಕು. ಇದಕ್ಕೆ ಮಣ್ಣು ಪರೀಕ್ಷೆಯ ವರದಿಯಿಲ್ಲದೆ ಕೈಹಾಕಬೇಡಿ.

ಉತ್ತರ 4: ಗ್ರಾಮೀಣ ಶಿಕ್ಷಣ ಕಾರ್ಯಕರ್ತೆ, ರಾಯಚೂರು

"ನಮಗ ಮಾತ್ರ ಮಣ್ಣೇನ್ರಿ" ಎಂಬ ಮಾತನ್ನು ಓದಿ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಆ ಪ್ರಶ್ನೆಗೆ ಗೌರವದ ಉತ್ತರ ಸಿಗಬೇಕು.

ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊದಲ್ಲಿ ಗಾಂಡೊ ಎಂಬ ಹಳ್ಳಿಯಿದೆ. ಅಲ್ಲಿ ಹುಟ್ಟಿ ಬರ್ಲಿನ್‌ನಲ್ಲಿ ವಾಸ್ತುಶಿಲ್ಪ ಓದಿದ ಫ್ರಾನ್ಸಿಸ್ ಕೆರೆ ತಮ್ಮ ಊರಿಗೆ ಒಂದು ಪ್ರಾಥಮಿಕ ಶಾಲೆ ಕಟ್ಟಲು ಹೊರಟಾಗ, ಮಣ್ಣಿನ ಕಟ್ಟಡವೆಂದರೆ ಒಂದು ಮಳೆಗಾಲಕ್ಕೆ ಕರಗುವುದೆಂದು ಊರವರು ಸಂಶಯಪಟ್ಟರು. ಸಿಮೆಂಟು ಬೆರೆಸಿ ಒತ್ತಿದ ಬ್ಲಾಕಿನ ಗಟ್ಟಿತನವನ್ನು ಅವರು ಊರವರಿಗೆ ಕಣ್ಣಾರೆ ತೋರಿಸಿ, ಅವರ ಕೈಯಿಂದಲೇ ಕೆಲಸ ಮಾಡಿಸಿದರು. ಮಕ್ಕಳು ಬುನಾದಿಗೆ ಕಲ್ಲು ಹೊತ್ತು ತಂದರು, ಹೆಂಗಸರು ಬ್ಲಾಕು ಮಾಡಲು ನೀರು ತಂದರು. 2001ರಲ್ಲಿ ಶಾಲೆ ಮುಗಿಯಿತು. ಬ್ಲಾಕುಗಳದೇ ಒಳಛಾವಣಿ, ಅದರಿಂದ ಸಾಕಷ್ಟು ಮೇಲೆತ್ತಿ ತೆಳ್ಳನೆಯ ಕಬ್ಬಿಣದ ಸರಳುಗಳ ಚೌಕಟ್ಟಿನ ಮೇಲೆ ಕೂರಿಸಿದ ತಗಡು: ಮೊದಲ ಉತ್ತರದಲ್ಲಿ ಹೇಳಿದ ಎರಡು ಛಾವಣಿಯ ಉಪಾಯವೇ ಅಲ್ಲಿದೆ. ಒಳಗಿನ ಬಿಸಿಗಾಳಿ ಒಳಛಾವಣಿಯ ಸಂದುಗಳಿಂದ ಮೇಲೇರಿ ನಡುವಿನ ಜಾಗದಿಂದ ಹೊರಗೆ ಹೋಗುತ್ತದೆ. ಆ ಶಾಲೆಗೆ 2004ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು, 2022ರಲ್ಲಿ ಕೆರೆ ಅವರಿಗೆ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ನನಗೆ ಪ್ರಶಸ್ತಿಗಿಂತ ದೊಡ್ಡದೆನಿಸುವುದು, ಅಲ್ಲಿ ಕೆಲಸ ಕಲಿತ ಊರ ಹುಡುಗರಿಗೆ ಮುಂದೆ ಬೇರೆಡೆಯೂ ಅದೇ ಕೆಲಸ ಸಿಕ್ಕಿತೆಂಬ ಸಂಗತಿ.

ಇದಕ್ಕೆ ವ್ಯತಿರಿಕ್ತವಾಗಿ ಈಜಿಪ್ಟಿನ ಲಕ್ಸರ್ ಬಳಿ 1940ರ ದಶಕದಲ್ಲಿ ಹಸನ್ ಫಾತಿ ಎಂಬ ಮಹಾನ್ ವಾಸ್ತುಶಿಲ್ಪಿ ಹಸಿ ಇಟ್ಟಿಗೆಯ ಕಮಾನುಗಳಿಂದ ನ್ಯೂ ಗೌರ್ನಾ ಎಂಬ ಸುಂದರ ಗ್ರಾಮ ಕಟ್ಟಿದರು. ಆದರೆ ಹಳೆಯ ಊರಿನವರ ಜೀವನೋಪಾಯ ಅಲ್ಲಿನ ಪ್ರಾಚೀನ ಗೋರಿಗಳ ಸುತ್ತಲೇ ಇತ್ತು. ಊರು ಬಿಡುವ ನಿರ್ಧಾರ ಸರ್ಕಾರದ್ದಾಗಿತ್ತೇ ಹೊರತು ಅವರದಾಗಿರಲಿಲ್ಲ. ಹೆಚ್ಚಿನವರು ಬರಲಿಲ್ಲ, ಯೋಜನೆ ಅರ್ಧಕ್ಕೆ ನಿಂತಿತು.

ಆದ್ದರಿಂದ ಮಣ್ಣೋ ಕಾಂಕ್ರೀಟೋ ಎಂದು ಸಭೆಯಲ್ಲಿ ಕೈ ಎತ್ತಿಸುವ ಮೊದಲು ನೂರಿನ್ನೂರು ಬ್ಲಾಕು ಮಾಡಿ, ಬಸ್ ನಿಲ್ದಾಣದ ಬಳಿ ಒಂದು ಕಟ್ಟೆ ಕಟ್ಟಿ, ಒಂದು ಮಳೆಗಾಲ ಅದು ನೆನೆಯಲಿ. ಸಂಶಯಪಟ್ಟವರೇ ಅದನ್ನು ಉಗುರಿನಿಂದ ಕೆರೆದು ನೋಡಲಿ. ಬ್ಲಾಕು ಮಾಡುವ ತಂಡದಲ್ಲಿ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳಿಗೆ ಪೂರ್ತಿ ಕೂಲಿ ಕೊಟ್ಟು ಕೆಲಸ ಕೊಡಿ. ಊರ ಕೆಲಸವೆಂದು ಅವರಿಂದ ಪುಕ್ಕಟೆ ದುಡಿಸಬೇಡಿ. ನಕ್ಷೆಯಲ್ಲಿ ಶೌಚಾಲಯ ಎಲ್ಲಿದೆ ಎಂದು ಅವರನ್ನೇ ಕೇಳಿ ನೋಡಿ. ಹಾಲ್ ದಾಟಿ, ಗಂಡಸರು ಕೂತ ಜಗಲಿ ದಾಟಿ ಹೋಗಬೇಕಾದ ಶೌಚಾಲಯವಿದ್ದರೆ ಕಟ್ಟಡ ಎಷ್ಟು ತಂಪಾಗಿದ್ದರೂ ಅವರು ಬರುವುದಿಲ್ಲ.

ಉತ್ತರ 5: ಧಾರವಾಡದ ವಾಸ್ತುಶಿಲ್ಪಿ

ಊರಿನ ವೇಳಾಪಟ್ಟಿ ಕೊಟ್ಟಿದ್ದರಿಂದ ಈಗ ಖಚಿತವಾಗಿ ಹೇಳಬಹುದು: ನಿಮಗೆ ಒಂದೇ ದೊಡ್ಡ ಹಾಲ್ ಬೇಡ. ಹಗಲಿಗೆ ಒಂದು, ರಾತ್ರಿಗೆ ಒಂದು ಜಾಗ ಬೇಕು. ನಿವೇಶನದ ಪೂರ್ವದ ಅರ್ಧದಲ್ಲಿ ಸುಮಾರು 20×30 ಅಡಿಯ, ದಪ್ಪ ಬ್ಲಾಕು ಗೋಡೆಯ, ಎರಡು ಛಾವಣಿಯ ಓದುವ ಕೋಣೆ ಮಾಡಿ. ಸಂಘದವರು ಮಧ್ಯಾಹ್ನ ಅಲ್ಲಿಯೇ ಕೂರಬಹುದು. ಅದಕ್ಕೆ ಹತ್ತಿಕೊಂಡು ಪಶ್ಚಿಮಕ್ಕೆ, ಗೋಡೆಗಳಿಲ್ಲದೆ ಬರಿಯ ಕಲ್ಲುಕಂಬಗಳ ಮೇಲೆ ಹಗುರವಾದ ಹಂಚಿನ ಛಾವಣಿ ಹೊದಿಸಿದ ವಿಶಾಲ ಜಗಲಿ ಇರಲಿ. ಹಂಚು ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತದೆ, ಸುತ್ತ ಗಾಳಿ ಆಡುತ್ತದೆ. ಭಜನೆ, ಸಭೆ, ತಾಲೀಮು ಅಲ್ಲಿ ನಡೆಯಲಿ. ಮಧ್ಯಾಹ್ನದ ಹೊತ್ತಿನಲ್ಲಿ ಅದೇ ಜಗಲಿ ಕೋಣೆಯ ಪಶ್ಚಿಮ ಗೋಡೆಗೆ ನೆರಳಾಗುತ್ತದೆ. ಮದುವೆಗೆ ಎರಡನ್ನೂ ಸೇರಿಸಿ, ಮುಂದೆ ಪೆಂಡಾಲು ಹಾಕಿಕೊಳ್ಳಬಹುದು. ಶೌಚಾಲಯಕ್ಕೆ ಕೋಣೆಯ ಉತ್ತರದ ಮಗ್ಗುಲಿನಿಂದ ಪ್ರತ್ಯೇಕ ದಾರಿ ಕೊಡಿ. ಹಿಂದಿನ ಉತ್ತರದಲ್ಲಿ ಹೇಳಿದ್ದು ಅಕ್ಷರಶಃ ಸತ್ಯ.

ದಾನಿಗಳಿಗೆ ಬೇಸರವಾಗದಂತೆ ಹೇಳಿ, ಎಸಿಯ ಹಣವನ್ನು ಮೇಲಿನ ಛಾವಣಿಗೂ ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಬಿಎಲ್‌ಡಿಸಿ ಫ್ಯಾನುಗಳಿಗೂ ಕೇಳಿ. ಸಾಮಾನ್ಯ ಫ್ಯಾನು 75 ವ್ಯಾಟಿನಷ್ಟು ಎಳೆಯುವ ಕಡೆ ಇವು 30ರ ಆಸುಪಾಸಿನಲ್ಲಿ ತಿರುಗುತ್ತವೆ. ಹಾಗಾಗಿ ಹತ್ತು ಫ್ಯಾನು, ಹತ್ತು ಎಲ್‌ಇಡಿ ದೀಪಗಳ ಹಗಲಿನ ಬಳಕೆಗೆ ಒಂದು ಕಿಲೋವ್ಯಾಟಿನ ಸೌರಫಲಕ ಸಾಕು. ಅದಕ್ಕೆ ಸುಮಾರು ನೂರು ಚದರಡಿ ಜಾಗ ಬೇಕು. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುತ್ತದೆ. ಫಲಕಗಳನ್ನು ದಕ್ಷಿಣಕ್ಕೆ ವಾಲಿಸಿ, ಒರೆಸಲು ಏಣಿ ಹತ್ತಿ ತಲುಪುವಂತೆ ಇಡಿ. ಬಯಲುಸೀಮೆಯ ದೂಳಿನಲ್ಲಿ ಒರೆಸದ ಫಲಕ ಬೇಗ ಸೊರಗುತ್ತದೆ.

ಬುನಾದಿಗೆ ಗುದ್ದಲಿ ಬೀಳುವ ಮೊದಲು ಈಗಿನ ನಕ್ಷೆಯನ್ನು ಬದಲಿಸಿಕೊಡಿ ಎಂದು ನಿಮ್ಮ ಎಂಜಿನಿಯರರಿಗೆ ಊರಿನ ಸಭೆಯ ಠರಾವಿನ ಮೂಲಕವೇ ಬರೆದು ಕೊಡಿ. ಸುಣ್ಣ ಬಳಿಯುವುದು, ಗವಾಕ್ಷಿಯ ಹಗ್ಗ ಬದಲಿಸುವುದು, ಫಲಕ ಒರೆಸುವುದು ಯಾರ ಹೊಣೆ, ಅದಕ್ಕೆ ವರ್ಷಕ್ಕೆ ಎಷ್ಟು ಹಣ ತೆಗೆದಿಡಬೇಕು ಎಂಬುದನ್ನೂ ಅದೇ ಠರಾವಿನಲ್ಲಿ ಸೇರಿಸಿ. ಹೊಸ ನಕ್ಷೆ ಬಂದ ಮೇಲೆ ಇಲ್ಲಿ ಹಾಕಿದರೆ ಕಿಟಕಿ, ಗವಾಕ್ಷಿಗಳ ಜಾಗವನ್ನು ಒಂದೊಂದಾಗಿ ನೋಡಿ ಹೇಳುತ್ತೇನೆ.